ಮೈಕ್ರಾನಮ್ಮನ ಸೇಡು

ಅವಳಿಗೆ ಹೆತ್ತವರಿಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಹಾಜರಿ ಪುಸ್ತಕದಿಂದಾಚೆ ಆ ಹೆಸರು ಹಿಡಿದು ಕರೆದವರು ಕಡಿಮೆ. ಮೆಡಿಕಲ್ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಜವಾನನಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಅವಳು ಮೈಕ್ರಾನಮ್ಮ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು ಮೈಕ್ರಾನ್. ಇವಳ ಬಾಯಲ್ಲಿ ಬೇರೆ ಅಳತೆಯೇ ಬರುತ್ತಿರಲಿಲ್ಲ. ಬಾಗಿಲು ಪೂರ್ತಿ ಮುಚ್ಚದೆ ಹೋದ ಗುಮಾಸ್ತನನ್ನು ಒಮ್ಮೆ ವಾಪಸ್ಸು ಕರೆದು, "ಮೂರು ಸಾವಿರ ಮೈಕ್ರಾನ್ ಸಂದಿ ಬಿಟ್ಟು ಹೋಗಿದ್ದೀರಲ್ಲ, ಒಳಗೆ ಬರೋ ಧೂಳನ್ನ ನೀವು ನೆಕ್ಕಿ ತೆಗೀತೀರಾ?" ಎಂದು ಕೇಳಿದ್ದಳು. ಆ ಗುಮಾಸ್ತನೇ ಅವಳಿಗೆ ಈ ಹೆಸರಿಟ್ಟದ್ದು. ಸಿಟ್ಟಿನಲ್ಲಿ ಇಟ್ಟ ಹೆಸರು ಅವಳಿಗೇ ಹಿಡಿಸಿ ಉಳಿದುಕೊಂಡಿತು.

ಅವಳ ಕೆಲಸ ಹೇಳಲಿಕ್ಕೆ ಸುಲಭ. ಸತ್ತವರ ದೇಹದಿಂದ ತೆಗೆದ ಅಂಗದ ತುಂಡನ್ನು ಮೇಣದಲ್ಲಿ ಹುದುಗಿಸಿ ಬೆಂಕಿಪೊಟ್ಟಣಕ್ಕಿಂತ ಸಣ್ಣದೊಂದು ಬ್ಲಾಕ್ ಮಾಡಬೇಕು. ಅದನ್ನು ಮೈಕ್ರೋಟೋಮ್ ಎಂಬ ಯಂತ್ರಕ್ಕೆ ಸಿಕ್ಕಿಸಿ ಪಕ್ಕದ ಚಕ್ರ ತಿರುಗಿಸಬೇಕು. ಚಕ್ರ ಒಂದು ಸುತ್ತು ಬಂದರೆ ಬ್ಲಾಕ್ ಮೇಲಿಂದ ಕೆಳಕ್ಕೆ ಬ್ಲೇಡನ್ನು ಸವರಿಕೊಂಡು ಇಳಿಯುತ್ತದೆ, ಐದು ಮೈಕ್ರಾನ್ ದಪ್ಪದ ಒಂದು ಸೆಕ್ಷನ್ ಬೀಳುತ್ತದೆ. ತಲೆಕೂದಲೊಂದನ್ನು ಉದ್ದಕ್ಕೆ ಹದಿನಾಲ್ಕು ಎಳೆ ಮಾಡಿದರೆ ಎಷ್ಟೋ ಅಷ್ಟು ತೆಳುವು. ಕೈ ಸರಿಯಿದ್ದರೆ ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಉದ್ದಕ್ಕೆ ರಿಬ್ಬನ್ನಿನ ಹಾಗೆ ಬರುತ್ತದೆ. ಆ ರಿಬ್ಬನ್ನನ್ನು ಕುಂಚದಿಂದ ಎತ್ತಿ ಬಿಸಿನೀರಿನ ಮೇಲೆ ತೇಲಿಸಿ, ಗಾಜಿನ ಸ್ಲೈಡಿನ ಮೇಲೆ ಹಿಡಿದು, ಬಣ್ಣ ಹಾಕಿದರೆ ಮುಗಿಯಿತು. ಹೇಳಲಿಕ್ಕೆ ಇಷ್ಟೇ. ಮಾಡಹೋದವರು ಮೊದಲ ದಿನವೇ ಅಳುಮೋರೆ ಹಾಕಿಕೊಂಡು ಹೊರಗೆ ಬರುತ್ತಾರೆ.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಅಲ್ಲಿಗೆ ಸ್ಲೈಡ್ ತೊಳೆಯುವ ಕೆಲಸಕ್ಕೆ ಸೇರಿದಳು. ಲಾರಿ ಓಡಿಸುತ್ತಿದ್ದ ಅಪ್ಪ ಆಗಷ್ಟೇ ತೀರಿಕೊಂಡಿದ್ದ. ಮನೆಯಲ್ಲಿ ಅಮ್ಮ, ಹೈಸ್ಕೂಲಿನ ತಂಗಿ. ವಿಭಾಗದಲ್ಲಿ ಆಗ ಒಬ್ಬ ವಯಸ್ಸಾದ ಟೆಕ್ನಿಷಿಯನ್ ಇದ್ದ, ಎಲ್ಲರೂ ತಾತ ಎನ್ನುತ್ತಿದ್ದರು. ಮೂರು ತಿಂಗಳು ತಾತ ಅವಳಿಗೆ ಚಕ್ರ ಮುಟ್ಟಲು ಬಿಡಲಿಲ್ಲ. ನಾಲ್ಕನೇ ತಿಂಗಳು ತಾನೇ ಎದ್ದು ಸ್ಟೂಲು ಬಿಟ್ಟುಕೊಟ್ಟ.

"ಈ ಮಿಷನ್ನು ಕುಂಟುತ್ತೆ ನೋಡು," ಎಂದ. "ಚಕ್ರ ಮೇಲಿಂದ ಇಳಿಯೋವಾಗ ತಾನಾಗೇ ಒಂಚೂರು ಮುಂದಕ್ಕೆ ಜಾರುತ್ತೆ. ಒಳಗೇನೋ ಸವೆದಿದೆ. ಬರೆದು ಕೊಟ್ಟು ಕೊಟ್ಟು ಸಾಕಾಯ್ತು. ಆ ಜಾಗದಲ್ಲಿ ಅದನ್ನ ತಡೆದು ಹಿಡಿ, ಬ್ಲೇಡು ದಾಟಿದ ಮೇಲೆ ಬಿಡು."

"ಎಷ್ಟು ತಡೀಬೇಕು ತಾತ?"

"ಅದನ್ನ ಬಾಯಲ್ಲಿ ಹೇಳೋಕಾದ್ರೆ ನಿನಗ್ಯಾಕೆ ಮೂರು ತಿಂಗಳು ಕಾಯಿಸ್ತಿದ್ದೆ?"

ಮೊದಲ ವಾರ ಬ್ಲೇಡಿನ ಕೆಳಗೆ ಬಿದ್ದದ್ದೆಲ್ಲ ಮೇಣದ ಪುಡಿ. ಎರಡನೇ ತಿಂಗಳಿಗೆ ರಿಬ್ಬನ್ ಬಂತು. ಎರಡನೇ ವರ್ಷಕ್ಕೆ ತಡೆಯಬೇಕೆಂಬ ನೆನಪೇ ಹೋಯಿತು. ಮಾತಾಡುತ್ತಾ, ಗುಮಾಸ್ತನನ್ನು ಬೈಯುತ್ತಾ, ಕಿಟಕಿಯಾಚೆ ಸೈಕಲ್ ಸ್ಟ್ಯಾಂಡಿನ ಜಗಳ ನೋಡುತ್ತಾ ಅವಳು ಚಕ್ರ ತಿರುಗಿಸುತ್ತಿದ್ದಳು, ರಿಬ್ಬನ್ ತಾನಾಗೇ ಇಳಿಯುತ್ತಿತ್ತು. ತಾತ ನಿವೃತ್ತನಾದ. ಮದುವೆಯ ಮಾತುಗಳು ಬಂದವು, ಹೋದವು. ಮೇಣ ಕರಗಿಸಲು ಬಳಸುವ ಕ್ಸೈಲೀನ್ ದ್ರಾವಣದ, ಅವಳ ಕೂದಲಿಗೆ ಹತ್ತಿದ ವಾಸನೆ ಯಾವ ಸೋಪಿಗೂ ಬಗ್ಗಲಿಲ್ಲ. "ಅಕ್ಕ ಬೀದಿ ತಿರುವಿಗೆ ಬಂದ್ಲು ಅಂತ ಮೂಗೇ ಹೇಳುತ್ತೆ," ಎಂದು ತಂಗಿ ಗೇಲಿ ಮಾಡುತ್ತಿದ್ದಳು. ಹೀಗೆ ಇಪ್ಪತ್ತಾರು ವರ್ಷ ಕಳೆದವು.

ಆ ಇಪ್ಪತ್ತಾರರಲ್ಲಿ ಕೊನೆಯ ಆರು ವರ್ಷ ಕಿರುಮೆದುಳಿಗೆ ಹೋಯಿತು. ಪಠ್ಯಪುಸ್ತಕದವರು ಅನುಮಸ್ತಿಷ್ಕ ಎನ್ನುವುದನ್ನೇ ವಿಭಾಗದವರು ಕಿರುಮೆದುಳು ಎನ್ನುತ್ತಿದ್ದರು. ತಲೆಯ ಹಿಂಭಾಗದಲ್ಲಿ, ದೊಡ್ಡ ಮೆದುಳಿನ ಅಡಿಯಲ್ಲಿ, ಮಡಿಕೆ ಮಡಿಕೆಯಾಗಿ ಕೂತಿರುವ ಮುಷ್ಟಿಗಾತ್ರದ ವಸ್ತು ಅದು. ತೂಕದಲ್ಲಿ ಇಡೀ ಮೆದುಳಿನ ಹತ್ತರಲ್ಲೊಂದು ಪಾಲು, ಆದರೆ ಮೆದುಳಿನ ನರಕೋಶಗಳಲ್ಲಿ ಐದಕ್ಕೆ ನಾಲ್ಕು ಪಾಲು ಇರುವುದು ಅದರೊಳಗೇ. ವಿಭಾಗದ ಮುಖ್ಯಸ್ಥನಿಗೆ ಅದರ ಹುಚ್ಚು ಹಿಡಿದಿತ್ತು. ಎತ್ತರದ ಆಳು, ಗಟ್ಟಿ ದನಿ. ಬೆನ್ನ ಹಿಂದೆ ಎಲ್ಲರೂ ಅವನನ್ನು ಗಂಟೆ ಎನ್ನುತ್ತಿದ್ದರು, ಪಾಠ ಶುರು ಮಾಡಿದರೆ ಗಂಟೆ ಹೊಡೆದರೂ ನಿಲ್ಲಿಸುತ್ತಿರಲಿಲ್ಲ. ಎಳೆಯ ಮಕ್ಕಳ ಕಿರುಮೆದುಳು ಹೇಗೆ ಬೆಳೆಯುತ್ತದೆ ಎಂಬುದನ್ನು ಚಿತ್ರಗಳಲ್ಲಿ ತೋರಿಸುವ ಒಂದು ದೊಡ್ಡ ಪುಸ್ತಕ ತರಬೇಕೆಂದು ಗಂಟೆಗೆ ಆಸೆ.

ಆಸ್ಪತ್ರೆಯಲ್ಲಿ ಉಳಿಯದೆ ಹೋದ ಹನ್ನೊಂದು ಕೂಸುಗಳ ತಂದೆ ತಾಯಿ ಒಪ್ಪಿಗೆ ಕೊಟ್ಟರು. ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಾಗಿದ್ದದ್ದರಿಂದ ಹಿಡಿದು ಎರಡು ವರ್ಷದ ಮಗುವಿನವರೆಗೆ. ಮೈಕ್ರಾನಮ್ಮ ಆ ಬ್ಲಾಕುಗಳ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ, ಆ ಕೋಣೆಯಲ್ಲಿ ಜೋರಾಗಿ ನಗುವುದಕ್ಕೂ ಬಿಡುತ್ತಿರಲಿಲ್ಲ. ಆರು ವರ್ಷದಲ್ಲಿ ನಾಲ್ಕು ಸಾವಿರ ಚಿಲ್ಲರೆ ಸೆಕ್ಷನ್ ಕತ್ತರಿಸಿದಳು. ಕತ್ತರಿಸುತ್ತಾ ಕತ್ತರಿಸುತ್ತಾ ಅವಳಿಗೆ ಅದರ ಕಥೆ ತಿಳಿಯಿತು. ಹುಟ್ಟುವಾಗ ಕಿರುಮೆದುಳು ಅರ್ಧಂಬರ್ಧ ಕಟ್ಟಿದ ಮನೆ. ಅದರ ಹೊರಮೈ ಮೇಲೆ ಪುಟ್ಟ ಪುಟ್ಟ ಕೋಶಗಳ ದಟ್ಟ ಪದರವೊಂದಿರುತ್ತದೆ, ಬಣ್ಣ ಹಾಕಿದರೆ ಕಡುನೀಲಿ ಅಂಚಿನಂತೆ ಕಾಣುತ್ತದೆ. ಆ ಕೋಶಗಳು ಅಲ್ಲೇ ಹುಟ್ಟಿ, ಒಂದು ಎರಡಾಗಿ ಎರಡು ನಾಲ್ಕಾಗಿ, ಆಮೇಲೆ ಒಂದೊಂದೇ ಒಳಕ್ಕೆ ಇಳಿಯುತ್ತವೆ. ದಾರಿಯಲ್ಲಿ ಒಂದೇ ಸಾಲಾಗಿ ನಿಂತ ದಪ್ಪ ಕೋಶಗಳ ನಡುವೆ ನುಸುಳಿ ಅವುಗಳ ಕೆಳಗೆ ನೆಲೆ ನಿಲ್ಲುತ್ತವೆ. ಮಗು ಕತ್ತು ನಿಲ್ಲಿಸಿ, ಕೂತು, ಅಂಬೆಗಾಲಿಟ್ಟು, ಎದ್ದು ನಡೆಯುವ ಕಾಲವೆಲ್ಲ ಒಳಗೆ ಈ ವಲಸೆ ನಡೆದೇ ಇರುತ್ತದೆ. ಎರಡು ವರ್ಷದ ಮಗುವಿನ ಸ್ಲೈಡಿನಲ್ಲಿ ನೀಲಿ ಅಂಚು ಇಲ್ಲ, ಎಲ್ಲ ಒಳಗೆ ಹೋಗಿಯಾಗಿದೆ.

ತಂಗಿಗೆ ಆಗ ಹತ್ತು ತಿಂಗಳ ಮಗಳಿದ್ದಳು. ಕುರ್ಚಿಯ ಕಾಲು ಹಿಡಿದು ಎದ್ದು ನಿಂತು, ಕೈ ಬಿಟ್ಟು, ಧೊಪ್ಪನೆ ಕೂತಾಗ ತಂಗಿ ಓಡಿಬಂದರೆ ಮೈಕ್ರಾನಮ್ಮ ತಡೆಯುತ್ತಿದ್ದಳು.

"ಬೀಳ್ಲಿ ಬಿಡೇ. ಬಿದ್ದಾಗಲೇ ಅದಕ್ಕೆ ಗೊತ್ತಾಗೋದು, ಅಂದ್ಕೊಂಡಿದ್ದೊಂದು ಆಗಿದ್ದೊಂದು ಅಂತ. ಮುಂದಿನ ಸಲ ಅಷ್ಟು ಸರಿ ಮಾಡ್ಕೊಳ್ಳುತ್ತೆ. ಹೊರಪದರ ಇನ್ನೂ ಒಳಗೆ ಇಳೀತಾ ಇದೆ."

"ಮಹಾತಾಯಿ, ನನ್ನ ಮಗಳನ್ನ ಮಗಳ ಥರ ನೋಡು. ನಿನ್ನ ಮೇಣದಲ್ಲಿ ಮುಳುಗಿಸಬೇಡ," ಎನ್ನುತ್ತಿದ್ದಳು ತಂಗಿ.

ಪುಸ್ತಕ ಬಂತು. ದಪ್ಪ ಹೊಳೆಯುವ ಹಾಳೆ, ಪುಟ ತುಂಬ ಅವಳ ಸೆಕ್ಷನ್‌ಗಳ ಚಿತ್ರ. ಒಂದರಲ್ಲೂ ಗೀರಿಲ್ಲ, ಮಡಿಕೆಯಿಲ್ಲ. ಅವಳು ಸ್ಟೂಲಿನ ಮೇಲೆ ಕೂತು ಕೈ ಒರೆಸಿಕೊಂಡು ಮೊದಲಿಂದ ತಿರುವಿದಳು. ಮೊದಲ ಹಾಳೆಗಳಲ್ಲಿ ಕೃತಜ್ಞತೆಯ ಪುಟವಿತ್ತು. ಗಂಟೆ ತನ್ನ ಹೆಂಡತಿಯ ತಾಳ್ಮೆಗೆ ವಂದಿಸಿದ್ದ, ಮುದ್ರಕನ ಶ್ರದ್ಧೆಗೆ ವಂದಿಸಿದ್ದ, ಫೋಟೋ ತೆಗೆದವನಿಗೆ ವಂದಿಸಿದ್ದ. ಕೊನೆಯ ಸಾಲು ಹೀಗಿತ್ತು: "ಇಲ್ಲಿನ ಎಲ್ಲ ಸೆಕ್ಷನ್‌ಗಳನ್ನು ಅಪರೂಪದ ಕೈಚಳಕದಿಂದ ಕತ್ತರಿಸಿಕೊಟ್ಟವರು ನನ್ನ ಅಳಿಯ." ಕೆಳಗೆ ಅಳಿಯನ ಹೆಸರು, ಅವನ ಡಿಗ್ರಿಗಳು.

ಅಳಿಯ ವಿಭಾಗಕ್ಕೆ ಬಂದು ವರ್ಷವೂ ತುಂಬಿರಲಿಲ್ಲ. ಮುಂದಿನ ವರ್ಷ ಅವನಿಗೆ ಬಡ್ತಿ ಆಗಬೇಕಿತ್ತು, ಅದಕ್ಕೊಂದು ಪುಸ್ತಕದಲ್ಲಿ ಹೆಸರು ಬೇಕಿತ್ತು. ಅಲ್ಲಿಯವರೆಗೆ ಅವನು ಕತ್ತರಿಸಿದ್ದೆಂದರೆ ಮದುವೆಯ ಕೇಕು ಮಾತ್ರ.

ಅವಳು ನೇರವಾಗಿ ಗಂಟೆಯ ಕೋಣೆಗೆ ಹೋಗಿ ಪುಸ್ತಕ ಮೇಜಿನ ಮೇಲಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟಳು. ಗಂಟೆ ಓದಿದವನ ಹಾಗೆ ಮಾಡಿ ಕನ್ನಡಕ ತೆಗೆದ.

"ಇದನ್ನೇನು ಅಷ್ಟು ಮನಸ್ಸಿಗೆ ಹಚ್ಕೋತೀರಮ್ಮ? ಕತ್ತರಿಸೋದು ಮಿಷನ್ನು. ಚಕ್ರ ತಿರುಗಿಸೋಕೆ ಯಾರಾದ್ರೇನು?"

ಅವಳು ಪುಸ್ತಕ ಎತ್ತಿಕೊಂಡು ಹೊರಗೆ ಬಂದಳು. ಕಾರಿಡಾರಿನಲ್ಲಿ ಗುಮಾಸ್ತ ಎದುರಾಗಿ ಏನೋ ತಮಾಷೆ ಮಾಡಿದ, ಅದೂ ಕೇಳಿಸಲಿಲ್ಲ. ಚಕ್ರ ತಿರುಗಿಸೋಕೆ ಯಾರಾದ್ರೇನು. ಆ ಮಾತು ಊಟದ ಡಬ್ಬಿ ಬಿಚ್ಚಿದಾಗ ತುತ್ತಿನ ಜೊತೆ ಬಂತು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಬಂತು. ಮನೆಗೆ ಹೋಗಿ ತಂಗಿಗೆ ಹೇಳಿದಳು: "ಅವನಿಗೆ ನಾನು ತೋರಿಸ್ತೀನಿ. ಎಲ್ಲರೆದುರಿಗೆ ತೋರಿಸ್ತೀನಿ. ಯಾರಾದ್ರೇನು ಅಂದ್ನಲ್ಲ, ಯಾರು ಅಂತ ಅವನ ಬಾಯಲ್ಲೇ ಬರಬೇಕು."

ಅವಕಾಶವನ್ನು ಗಂಟೆಯೇ ತಟ್ಟೆಯಲ್ಲಿಟ್ಟು ಕೊಟ್ಟ. ಪುಸ್ತಕ ಹೆಸರು ಮಾಡಿತ್ತು. ಬೇರೆ ಬೇರೆ ಕಾಲೇಜುಗಳಿಂದ ನಲವತ್ತು ಮಂದಿ ಅಧ್ಯಾಪಕರನ್ನು ಎರಡು ದಿನ ಕರೆಸುವುದೆಂದಾಯಿತು. ಎರಡನೇ ದಿನ ಬೆಳಿಗ್ಗೆ ಹತ್ತಕ್ಕೆ ಅಳಿಯ ಎಲ್ಲರೆದುರಿಗೆ ಮಗುವಿನ ಕಿರುಮೆದುಳನ್ನು ಕತ್ತರಿಸಿ ತೋರಿಸುತ್ತಾನೆ ಎಂದು ಆಮಂತ್ರಣದಲ್ಲಿ ಅಚ್ಚಾಯಿತು. ಅಚ್ಚಾದ ಮೇಲೆ ಗಂಟೆ ಅವಳ ಕೋಣೆಗೆ ಬಂದು ಬಾಗಿಲಲ್ಲೇ ನಿಂತು, "ಮೂರು ವಾರ ಟೈಮಿದೆ. ಅವನಿಗೆ ಸ್ವಲ್ಪ ಹೇಳಿಕೊಡಿ," ಎಂದ. ಕೇಳಿಕೊಂಡದ್ದೂ ಅಲ್ಲ, ಅಪ್ಪಣೆಯೂ ಅಲ್ಲ, ಎರಡರ ನಡುವಿನ ದನಿ.

ಮೊದಲು ಅವಳಿಗೆ ಹೊಳೆದದ್ದೆಲ್ಲ ಚಿಲ್ಲರೆ ಉಪಾಯಗಳು. ಬ್ಲಾಕ್ ಬಿಸಿಲಿಗಿಟ್ಟು ಮೆತ್ತಗೆ ಮಾಡಬಹುದು. ಮೊಂಡು ಬ್ಲೇಡು ಹಾಕಬಹುದು. ಆದರೆ ಬ್ಲಾಕೂ ಬ್ಲೇಡೂ ಅವಳ ಜವಾಬ್ದಾರಿ. ಅವನ ಮಾನ ಹೋಗುವ ಮೊದಲು ಅವಳ ಮಾನ ಹೋಗುತ್ತಿತ್ತು. ಒಂದು ವೇಳೆ ಕಲಿಸದೇ ಬಿಟ್ಟರೆ ಅದೂ ಅವಳ ತಲೆಗೇ. ಎರಡು ದಿನ ಹಲ್ಲು ಕಡಿದುಕೊಂಡು ಓಡಾಡಿದಳು.

ಮೂರನೇ ದಿನ ಮಹಡಿಯ ಮೇಲಿನ ಶರೀರಕ್ರಿಯಾ ವಿಭಾಗಕ್ಕೆ ಸ್ಲೈಡ್ ಕೊಡಲು ಹೋದಾಗ ಅಲ್ಲಿ ವಿದ್ಯಾರ್ಥಿಗಳ ನಗು. ಆ ವಿಭಾಗದ ಮೇಡಂ ಪ್ರಾಯೋಗಿಕ ತರಗತಿ ನಡೆಸುತ್ತಿದ್ದರು. ಕಡತ ಕೊಡಲು ಬಂದ ನಮ್ಮ ಗುಮಾಸ್ತನನ್ನೇ ಹಿಡಿದು ನಿಲ್ಲಿಸಿ ಅವನಿಗೊಂದು ವಿಚಿತ್ರ ಕನ್ನಡಕ ಹಾಕಿದ್ದರು. ಅದರ ಗಾಜು ನೋಡಿದ್ದನ್ನೆಲ್ಲ ಒಂದು ಗೇಣು ಬಲಕ್ಕೆ ಸರಿಸಿ ತೋರಿಸುತ್ತದೆ. ಗುಮಾಸ್ತ ಬೋರ್ಡಿನ ಮೇಲಿನ ಗುರುತಿಗೆ ಒದ್ದೆ ಸ್ಪಂಜು ಎಸೆಯಬೇಕು. ಮೊದಲನೆಯದು ಬಲಗಡೆ ಗೋಡೆಗೆ ಹೋಯಿತು, ಎರಡನೆಯದು ಅದಕ್ಕಿಂತ ಸ್ವಲ್ಪ ಹತ್ತಿರ. ಹತ್ತು ಹನ್ನೆರಡು ಎಸೆತದೊಳಗೆ ಸ್ಪಂಜು ಗುರುತಿಗೇ ಬೀಳತೊಡಗಿತು. ಆಗ ಮೇಡಂ ಕನ್ನಡಕ ತೆಗೆಸಿದರು. ಗುಮಾಸ್ತ ಗೆದ್ದವನ ಮುಖ ಮಾಡಿ ಬರಿಗಣ್ಣಿನಲ್ಲಿ ಗುರುತನ್ನೇ ನೋಡಿ ಎಸೆದ. ಸ್ಪಂಜು ಎಡಕ್ಕೆ ಹೋಗಿ ಅಲ್ಲಿ ನಿಂತಿದ್ದ ಮೇಡಂ ಭುಜಕ್ಕೆ ಬಡಿಯಿತು. ತರಗತಿ ಬಿದ್ದು ಬಿದ್ದು ನಕ್ಕಿತು.

"ನೋಡಿದ್ರಲ್ಲ," ಎಂದರು ಮೇಡಂ ಸೆರಗು ಒರೆಸಿಕೊಳ್ಳುತ್ತಾ. "ಕನ್ನಡಕ ತೆಗೆದದ್ದು ಇವರ ಕಣ್ಣಿಗೆ ಗೊತ್ತು, ಇವರ ಕೈಗೆ ಗೊತ್ತಿಲ್ಲ. ಪ್ರತಿ ಸಲ ತಪ್ಪಿದಾಗಲೂ ಎಷ್ಟು ತಪ್ತು ಅಂತ ಕಿರುಮೆದುಳಿಗೆ ಸುದ್ದಿ ಹೋಗುತ್ತೆ. ಅದು ಲೆಕ್ಕ ತಿದ್ದಿಕೊಳ್ಳುತ್ತೆ. ತಿದ್ದಿಕೊಂಡ ಮೇಲೆ ನಮ್ಮನ್ನ ಕೇಳೋದೂ ಇಲ್ಲ, ನಮಗೆ ಹೇಳೋದೂ ಇಲ್ಲ. ಅದಕ್ಕೆ ಪೆಟ್ಟು ಬಿದ್ದವರಿಗೆ ನೂರು ಸಲ ಎಸೆದರೂ ಈ ತಿದ್ದುಪಡಿ ಬರಲ್ಲ. ಲೋಟ ಹಿಡಿಯೋಕೆ ಹೋದ್ರೆ ಕೈ ಲೋಟ ದಾಟಿ ಹೋಗುತ್ತೆ, ನಡೆದರೆ ಕುಡಿದವರ ಥರ ತೂರಾಡ್ತಾರೆ."

ಮೈಕ್ರಾನಮ್ಮ ಸ್ಲೈಡಿನ ಪೆಟ್ಟಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ತರಗತಿ ಮುಗಿದ ಮೇಲೆ ಕೇಳಿದಳು: "ಮೇಡಂ, ಆ ಕನ್ನಡಕನ ಮೂರು ವಾರ ಹಾಕ್ಕೊಂಡಿದ್ದು ತೆಗೆದ್ರೆ?"

"ಮೂರು ವಾರಾನಾ? ಗಟ್ಟಿಯಾಗಿ ಕೂತಿರುತ್ತೆ. ಮೊದಮೊದಲು ಚೆನ್ನಾಗೇ ತಪ್ಪುತ್ತೆ."

ಮೆಟ್ಟಿಲು ಇಳಿಯುವಾಗ ಅವಳ ಮುಖದಲ್ಲಿ ನಗುವಿತ್ತು, ಅದನ್ನು ಕಂಡಿದ್ದರೆ ಗಂಟೆ ಆವತ್ತೇ ಕಾರ್ಯಕ್ರಮ ರದ್ದು ಮಾಡುತ್ತಿದ್ದ. ಉಪಾಯ ಸಿಕ್ಕಿತ್ತು. ಕುಂಟುವ ಮಿಷನ್ನಿನಲ್ಲಿ ಅಳಿಯನಿಗೆ ಮೂರು ವಾರ ಮನಸಾರೆ ಕಲಿಸುವುದು. ಆ ಕುಂಟು ಅವನ ಕೈಗೆ ಚೆನ್ನಾಗಿ ಇಳಿಯುವವರೆಗೆ ಕಲಿಸುವುದು. ಅವನು ಕತ್ತರಿಸಿ ತೋರಿಸುವ ಹಿಂದಿನ ದಿನ ಸಂಜೆ ಮಿಷನ್ನು ರಿಪೇರಿ ಮಾಡಿಸಿಬಿಡುವುದು. ಮಿಷನ್ನು ಕೆಡಿಸಿದರೆ ತಾನೇ ತಪ್ಪು? ಸರಿ ಮಾಡಿಸಿದವಳನ್ನು ಯಾರು ಏನು ಕೇಳುತ್ತಾರೆ?

ಅಷ್ಟು ಪ್ರೀತಿಯಿಂದ ಅವಳು ಯಾರಿಗೂ ಕಲಿಸಿರಲಿಲ್ಲ. ಅಳಿಯ ದಿನಾ ಒಂಬತ್ತಕ್ಕೆ ಬಂದು ತೋಳು ಮಡಚಿ ಕೂರುತ್ತಿದ್ದ. ಅವಳು ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, "ಇಲ್ಲಿ, ಇಲ್ಲಿ ತಡೀರಿ ಸಾರ್. ಜಾರ್ತು ನೋಡಿ. ಇನ್ನೊಂದು ಸಲ," ಎನ್ನುತ್ತಿದ್ದಳು. ಮೊದಲ ದಿನ ಪುಡಿ. ನಾಲ್ಕನೇ ದಿನ ಬಿಡಿ ಸೆಕ್ಷನ್. ಎರಡನೇ ವಾರ ನಾಲ್ಕು ಸೆಕ್ಷನ್‌ಗಳ ರಿಬ್ಬನ್ ಬಂದಾಗ ಅವನು ಎಳೆ ಮಗುವಿನ ಹಾಗೆ ಹಿಗ್ಗಿದ. ಕೆಟ್ಟವನಾಗಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು; ಆಸಾಮಿ ಮೆತ್ತನೆಯವನು.

"ಅಕ್ಕ," ಎಂದ ಒಂದು ದಿನ, ತಲೆಯೆತ್ತದೆ. "ಪುಸ್ತಕದಲ್ಲಿ ಹಾಗೆ ಬರೆದಿದ್ದು ಅಚ್ಚಾಗೋವರೆಗೂ ನನಗೆ ಗೊತ್ತಿರಲಿಲ್ಲ."

"ಈಗ ಗೊತ್ತಾಯ್ತಲ್ಲ ಸಾರ್."

"ಮಾವನೆದುರು ಮಾತಾಡೋ ಧೈರ್ಯ ನನಗಿಲ್ಲ ಅಕ್ಕ."

ಧೈರ್ಯ ಇಲ್ಲವಂತೆ. ಅವಳ ಹೊಟ್ಟೆಯೊಳಗಿನ ಕೆಂಡಕ್ಕೆ ಅವನೇ ಊದಿದ ಹಾಗಾಯಿತು. "ಇರಲಿ ಬಿಡಿ. ಚಕ್ರ ತಿರುಗಿಸಿ," ಎಂದಳು. ಮೂರನೇ ವಾರದ ಕೊನೆಗೆ ಅವನು ಮಾತಾಡುತ್ತಲೇ ಹತ್ತು ಸೆಕ್ಷನ್‌ಗಳ ರಿಬ್ಬನ್ ಇಳಿಸುತ್ತಿದ್ದ. ಅವಳು ಅವನ ಕೈ ನೋಡುತ್ತಿದ್ದಳು: ಬ್ಲೇಡಿನ ಮೇಲೆ ಬರುವಷ್ಟರಲ್ಲಿ ಮಣಿಕಟ್ಟು ತಾನಾಗೇ ಬಿಗಿಯುತ್ತಿತ್ತು. ಇಳಿದಿದೆ, ಚೆನ್ನಾಗಿ ಇಳಿದಿದೆ ಎಂದುಕೊಂಡಳು.

ರಿಪೇರಿಯ ಅರ್ಜಿಗೆ ಗಂಟೆ ತಾನೇ ಸಹಿ ಹಾಕಿದ. "ಅತಿಥಿಗಳು ಬರ್ತಿದ್ದಾರೆ ಸಾರ್, ಮಿಷನ್ನು ಸದ್ದು ಮಾಡಿದ್ರೆ ಮರ್ಯಾದೆಯಲ್ಲ," ಎಂದಿದ್ದಳು, ಅಷ್ಟೇ. ಇಪ್ಪತ್ತಾರು ವರ್ಷ ಆಗದ ಸಹಿ ಎರಡು ನಿಮಿಷದಲ್ಲಿ ಆಯಿತು. ಮೆಕ್ಯಾನಿಕ್ ಮೊದಲ ದಿನದ ಭಾಷಣಗಳು ಮುಗಿದ ಮೇಲೆ ಬಂದ. ಚಕ್ರ ಬಿಚ್ಚಿ, ಒಳಗೆ ಅಚ್ಚು ಕೂರುವ ಹಿತ್ತಾಳೆಯ ಬಳೆಯನ್ನು, ಬುಷ್ ಎನ್ನುವುದನ್ನು, ಹೊರತೆಗೆದು ಬೆಳಕಿಗೆ ಹಿಡಿದ. ಒಂದು ಬದಿ ಸವೆದು ಕಾಗದದಂತಾಗಿತ್ತು.

"ಇದರಲ್ಲಿ ಕತ್ತರಿಸ್ತಿದ್ರಾ ಅಮ್ಮ? ಆ ಕೈಗೆ ಕೈ ಮುಗೀಬೇಕು."

ಮೂರು ವಾರದಲ್ಲಿ, ಅಲ್ಲ, ಇಪ್ಪತ್ತಾರು ವರ್ಷದಲ್ಲಿ ಒಬ್ಬರು ಹೇಳಿದ ಮೊದಲ ಒಳ್ಳೆಯ ಮಾತು ಅದು. ಅವಳಿಗೆ ಕಣ್ಣು ತುಂಬಿ ಬಂತು. ಹೊಸ ಬುಷ್ ಹಾಕಿ, ಎಣ್ಣೆ ಬಿಟ್ಟು ಮೆಕ್ಯಾನಿಕ್ ಹೊರಟ. ಅವಳು ಬ್ಲಾಕ್ ಇಲ್ಲದೆ ಖಾಲಿ ಚಕ್ರವನ್ನು ಎರಡು ಸುತ್ತು ತಿರುಗಿಸಿ ನೋಡಿದಳು. ಬೆಣ್ಣೆಯ ಹಾಗೆ ತಿರುಗಿತು. ಮಿಷನ್ನಿಗೆ ಬಟ್ಟೆ ಹೊದಿಸಿ, ಹಗುರವಾಗಿ ಮನೆಗೆ ಹೋಗಿ, ಹೊಟ್ಟೆ ತುಂಬ ಊಟ ಮಾಡಿ ಮಲಗಿದಳು.

ಬೆಳಿಗ್ಗೆ ಹತ್ತಕ್ಕೆ ನಲವತ್ತು ಮಂದಿ ಮೇಜಿನ ಸುತ್ತ ಮೂರು ಸಾಲಾಗಿ ನಿಂತರು. ಮುಂದಿನ ಸಾಲಿನಲ್ಲಿ ನರೆಗೂದಲಿನ ಒಬ್ಬ ಹಿರಿಯ ಅಧ್ಯಾಪಕಿ. ಗಂಟೆ ಅವರಿಗೆ ತೀರಾ ಬಾಗಿ ಮಾತಾಡುತ್ತಿದ್ದ. "ನಾಲ್ಕು ಸಾವಿರ ಸೆಕ್ಷನ್ ಇಳಿಸಿದ ಕೈ ಇದು. ಮಿಷನ್ನನ್ನೂ ನಿನ್ನೆ ತಾನೇ ಸರ್ವಿಸ್ ಮಾಡಿಸಿದ್ದೀವಿ," ಎಂದ. ಮೈಕ್ರಾನಮ್ಮ ಬಿಸಿನೀರಿನ ತಟ್ಟೆಯ ಪಕ್ಕ ಕುಂಚ ಹಿಡಿದು ನಿಂತಿದ್ದಳು.

ಅಳಿಯ ಚಕ್ರ ತಿರುಗಿಸಿದ. ಬ್ಲೇಡಿನ ಮೇಲೆ ಅವನ ಮಣಿಕಟ್ಟು ಬಿಗಿಯಿತು. ಜಾರುವ ಚಕ್ರವಾಗಿದ್ದರೆ ಆ ಬಿಗಿ ಬೇಕಿತ್ತು. ಈಗ ಜಾರುವುದೇ ಇಲ್ಲ. ಬ್ಲಾಕ್ ಅರ್ಧ ದಾರಿಯಲ್ಲಿ ನಿಂತು ಕಿರ್ರೆಂದಿತು, ಸೆಕ್ಷನ್ ಮುದುಡಿ ಹರಿಯಿತು. ಇನ್ನೊಂದು. ಅದೂ ಹರಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಐದನೆಯದಕ್ಕೆ ಅವನ ಹಣೆ ಬೆವರಿತು, ಆರನೆಯದಕ್ಕೆ ಗಂಟೆಯ ಮುಖ ಸುಣ್ಣವಾಯಿತು. ಮೈಕ್ರಾನಮ್ಮ ಕಣ್ಣು ಕೆಳಗೆ ಹಾಕಿ ಒಂದೊಂದನ್ನೂ ಎಣಿಸಿದಳು. ಆರು ವರ್ಷದ ದುಡಿಮೆಗೆ ಸಿಗಬೇಕಿದ್ದ ಸಿಹಿಯೆಲ್ಲ ಆ ಆರು ಕಿರ್ರೆಂಬ ಸದ್ದಿನಲ್ಲಿತ್ತು.

ಆಗ ಅವಳು ಕನಸಿನಲ್ಲೂ ಯೋಚಿಸದ ಭಾಗ್ಯ ಒದಗಿತು. ಗಂಟೆ ಅವಳ ಕಡೆ ತಿರುಗಿ, ನಲವತ್ತು ಜನರೆದುರಿಗೆ, ತಡವರಿಸುತ್ತಾ, "ಅಮ್ಮ, ನೀವೇ... ನೀವೇ ಒಂದು ರಿಬ್ಬನ್ ತೆಗೆದು ತೋರಿಸಿ," ಎಂದ. ಅತಿಥಿಗಳ ಕಡೆ ನೋಡಿ, "ಇವರಿಗೆ ಅಭ್ಯಾಸ ಇದೆ," ಎಂದ. ಯಾರಾದ್ರೇನು ಎಂದಿದ್ದ ಬಾಯಿ ಈಗ ಬೇಡುತ್ತಿತ್ತು. ಅಳಿಯ ಎದ್ದು ಸ್ಟೂಲು ಬಿಟ್ಟುಕೊಟ್ಟ. ಅವಳು ಸಾವಕಾಶವಾಗಿ ಕುಂಚ ಕೆಳಗಿಟ್ಟು, ಕೈ ಒರೆಸಿಕೊಂಡು, ನಲವತ್ತು ಮುಖಗಳನ್ನೂ ಒಮ್ಮೆ ನೋಡಿ ಕೂತು ಚಕ್ರ ಹಿಡಿದಳು.

ಕಿರ್ರ್.

ಸೆಕ್ಷನ್ ಎರಡು ಚೂರಾಗಿ ಬಿತ್ತು. ಅವಳು ಅದನ್ನು ಊದಿ ತೆಗೆದು ಮತ್ತೆ ತಿರುಗಿಸಿದಳು. ತಡೆಯಬಾರದು, ಈಗ ತಡೆಯಬಾರದು ಎಂದು ಅವಳಿಗೆ ಗೊತ್ತಿತ್ತು, ಆ ಕೋಣೆಯಲ್ಲಿ ಅವಳಿಗಷ್ಟೇ ಗೊತ್ತಿತ್ತು. ಆದರೆ ತಡೆಯುತ್ತಿದ್ದದ್ದು ಅವಳಲ್ಲ. ಬ್ಲೇಡಿನ ಹತ್ತಿರ ಬಂದ ಕೂಡಲೇ ಮಣಿಕಟ್ಟು ತಾನಾಗೇ ಬಿಗಿಯುತ್ತಿತ್ತು, ಬಿಗಿದ ಮೇಲೆ ಅವಳಿಗೆ ತಿಳಿಯುತ್ತಿತ್ತು. ಬಿಗಿಯದಿರಲೆಂದು ಜೋರಾಗಿ ತಿರುಗಿಸಿದಳು. ಬ್ಲಾಕಿನ ಅಂಚೇ ಕಿತ್ತು ಬಂತು. ಮೂರು ವಾರ ಹಾಕಿಕೊಂಡಿದ್ದರೆ ಏನಾಗುತ್ತದೆಂದು ಮೇಡಂ ಅವರನ್ನು ಕೇಳಿದ್ದಳು. ಇಪ್ಪತ್ತಾರು ವರ್ಷ ಹಾಕಿಕೊಂಡಿದ್ದರೆ ಏನಾಗುತ್ತದೆಂದು ಕೇಳಿರಲಿಲ್ಲ, ಆ ಕನ್ನಡಕ ತನ್ನ ಮೇಲೂ ಇದೆಯೆಂದು ಅವಳಿಗೆ ಹೊಳೆದೇ ಇರಲಿಲ್ಲ. ಹದಿನೈದು ಸೆಕ್ಷನ್ ಹಾಳು ಮಾಡಿದಳು.

"ಅಕ್ಕ, ನಾನೊಂದು ಸಲ ನೋಡ್ಲಾ?" ಎಂದ ಅಳಿಯ ಮೆಲ್ಲಗೆ. "ಏನೋ ಬೇರೆ ಥರ ಇದೆ ಇವತ್ತು. ಸ್ವಲ್ಪ ಬಿಟ್ಟು ತಿರುಗಿಸಬೇಕೇನೋ."

ಅವನ ಕೈ ಮೊದಲು ಮೂರು ಸಲ ತಪ್ಪಿತು, ಆಮೇಲೆ ಸ್ವಲ್ಪ ಕಡಿಮೆ ತಪ್ಪಿತು. ಹತ್ತನೆಯದಕ್ಕೆ ಇಡೀ ಸೆಕ್ಷನ್ ಬಂತು. ಇಪ್ಪತ್ತನೇ ಸುತ್ತಿಗೆ ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ ಇಳಿಯಿತು. ಉದ್ದಕ್ಕೆ, ನೇರವಾಗಿ, ಗೀರಿಲ್ಲದೆ ಇಳಿಯಿತು. ಮೂರು ವಾರದ ಅಭ್ಯಾಸ ಹೋಗಲು ಇಪ್ಪತ್ತು ಸುತ್ತು ಸಾಕಾಯಿತು. ಮಂದಿ ಚಪ್ಪಾಳೆ ತಟ್ಟಿದರು.

ಮಿಷನ್ನು ಬದಲಾಗಿದೆ ಎಂದು ಕೂಗಿ ಹೇಳಬೇಕೆಂದು ಅವಳ ಗಂಟಲವರೆಗೆ ಬಂತು. ಏನೆಂದು ಹೇಳುವುದು? ಸರಿಯಿರುವ ಮಿಷನ್ನಿನಲ್ಲಿ ನನಗೆ ಬರುವುದಿಲ್ಲ, ಕೆಟ್ಟದ್ದರಲ್ಲಿ ಬರುತ್ತದೆ ಎಂದೇ? ಯಾಕೆ ನಿನ್ನೆಯೇ ರಿಪೇರಿ ಮಾಡಿಸಿದಿರಿ ಎಂದರೆ? ಅವಳು ಬಾಯಿ ಮುಚ್ಚಿಕೊಂಡು ಬಿಸಿನೀರಿನ ತಟ್ಟೆಯ ಹತ್ತಿರ ಹೋಗಿ ಕುಂಚ ಎತ್ತಿಕೊಂಡಳು.

ಹಿರಿಯ ಅಧ್ಯಾಪಕಿ ಮುಂದೆ ಬಂದು ಅಳಿಯನ ಕೈ ಹಿಡಿದುಕೊಂಡರು. "ನಿಮ್ಮ ಹತ್ರ ಒಂದು ಕ್ಷಮೆ ಕೇಳ್ಬೇಕು. ಪುಸ್ತಕ ನೋಡಿದಾಗಿನಿಂದ ನಮಗೆಲ್ಲ ಒಂದು ಅನುಮಾನ ಇತ್ತು. ಇಂಥ ಸೆಕ್ಷನ್ ಅಧ್ಯಾಪಕರ ಕೈಯಲ್ಲಿ ಬರೋದಲ್ಲ, ಇಲ್ಲಿ ಯಾರೋ ಹಳೇ ಟೆಕ್ನಿಷಿಯನ್ ಇದ್ದಾರೆ, ಅವರ ಹೆಸರು ನುಂಗಿ ಹಾಕಿದ್ದಾರೆ ಅಂತ ದಾರಿಯುದ್ದಕ್ಕೂ ಮಾತಾಡ್ಕೊಂಡು ಬಂದ್ವಿ. ಇವತ್ತು ಎಲ್ಲರೆದುರೇ ಕೇಳಿಬಿಡೋದು ಅಂತ ನಾನಿದ್ದೆ. ಕಣ್ಣಾರೆ ನೋಡಿದ ಮೇಲೆ ಕೇಳೋದೇನಿದೆ?" ಆಮೇಲೆ ಮೈಕ್ರಾನಮ್ಮನ ಬೆನ್ನು ಸವರಿ, "ಬೇಜಾರು ಮಾಡ್ಕೋಬೇಡಿಮ್ಮ. ಇವರ ಕೈ ನೋಡ್ತಾ ನೋಡ್ತಾ ನಿಮಗೂ ಬರುತ್ತೆ," ಎಂದರು.

ಗಂಟೆ ಕಿಟಕಿಯ ಕಡೆ ನೋಡಿದ. ಅಳಿಯ ಬಾಯಿ ತೆರೆದ, ಮಾವನನ್ನು ನೋಡಿದ, ಮುಚ್ಚಿದ.

ರಿಬ್ಬನ್ ಬ್ಲೇಡಿನಂಚಿನಲ್ಲಿ ನೇತಾಡುತ್ತಿತ್ತು. ಬಿಟ್ಟರೆ ಒಣಗಿ ಹರಿಯುತ್ತದೆ. ಅವಳು ಅದನ್ನು ಎತ್ತಿ ನೀರಿನ ಮೇಲೆ ಬಿಡಿಸಿ, ಸ್ಲೈಡಿನ ಮೇಲೆ ಹಿಡಿದಳು. ಬಣ್ಣ ಹಾಕಿದರೆ ಕಡುನೀಲಿ ಅಂಚು ಕಾಣಿಸುವ ಎಳೆಯ ಕೂಸಿನದು, ಇನ್ನೂ ಬಣ್ಣ ಕಾಣದ್ದು. ಆ ಸ್ಲೈಡನ್ನು ಹಿರಿಯ ಅಧ್ಯಾಪಕಿಗೆ ನೆನಪಿನ ಕಾಣಿಕೆಯಾಗಿ ಕೊಡುವುದೆಂದು ಗಂಟೆ ಘೋಷಿಸಿದ. ಗಾಜಿನ ಮೇಲೆ ಕತ್ತರಿಸಿದವರ ಹೆಸರು ಕೊರೆಯಬೇಕಲ್ಲ. ಅಳಿಯನಿಗೆ ವಜ್ರದ ಮೊನೆಯ ಪೆನ್ಸಿಲ್ ಹಿಡಿದು ಅಭ್ಯಾಸವಿರಲಿಲ್ಲ.

"ಅಕ್ಕ, ನೀವೇ ಬರೆದುಬಿಡಿ," ಎಂದ, ಅವಳ ಮುಖ ನೋಡದೆ.

ಅವಳು ಸ್ಲೈಡನ್ನು ಬೆಳಕಿಗೆ ಹಿಡಿದು, ಅದರ ಮೂಲೆಯಲ್ಲಿ ಅವನ ಹೆಸರನ್ನು ಪೂರ್ತಿಯಾಗಿ, ಡಿಗ್ರಿಗಳ ಸಮೇತ ಕೊರೆದಳು. ಒಂದು ಅಕ್ಷರದಲ್ಲೂ ಅವಳ ಕೈ ತಪ್ಪಲಿಲ್ಲ.